ಮಿಲ್ಲಿಂಗ್ ಮಿಶಿನ್ನಿಗೆ ಕಟ್ಟಿದ ಮರೆ

ಅಂಟು ಇನ್ನೂ ಬಿಟ್ಟಿಲ್ಲ, ಸೀಮೆಎಣ್ಣೆ ಬಟ್ಟೆಯಿಂದ ಎಷ್ಟು ತಿಕ್ಕಿದರೂ ‘ದೂರ ನಿಲ್ಲಿ’ ಎಂಬ ಚೀಟಿ ಅಂಟಿದ್ದ ಜಾಗ ಬೆಳಕಿಗೆ ಹಿಡಿದಾಗ ಕಾಣುತ್ತಲೇ ಇದೆ, ಕಾಣಲಿ ಬಿಡು, ಮಿಶಿನ್ನು ಉಗುಳುವ ನೀರಿಗೇನು ಓದಲು ಬರುತ್ತದೆಯೇ — ಬಂದರೆ ಒಳ್ಳೆಯದೇ, ದೂರ ನಿಲ್ಲಲಿ, ನನ್ನ ಹೆಂಡತಿಯ ಕೈಯಿಂದ ದೂರ ನಿಲ್ಲಲಿ. ಔಷಧಿ ಅಂಗಡಿಯವನು ಗಿರಾಕಿಗಳ ಕೆಮ್ಮಿಗೆ ಅಡ್ಡ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಹಾಳೆ ಇದು, ಅಟ್ಟದಿಂದ ಇಳಿಸಿ ಕೊಡುವಾಗ ಕೇಳಿದ, ಏನಪ್ಪಾ ಬಡಗಿ, ಮರ ಬಿಟ್ಟು ಪ್ಲಾಸ್ಟಿಕ್‌ಗೆ ಇಳಿದ್ಯಾ, ಯಾರು ಕೆಮ್ತಾರೆ ನಿಮ್ಮನೇಲಿ, ಮಿಶಿನ್ನು ಮಾರಾಯ ಅಂದೆ, ಅವನು ನಕ್ಕ, ನಾನೂ ನಕ್ಕೆ, ದಾರಿಯಲ್ಲಿ ನಗು ಎಲ್ಲಿ ಹೋಯಿತೋ. ಕೆಮ್ಮುವುದೇನು ಸುಳ್ಳೇ, ಕಟರ್ ಗಿರ್ರನೆ ತಿರುಗುತ್ತಾ ಕಬ್ಬಿಣ ಕೊರೆಯುತ್ತದೆ, ಅದು ಕಾಯಬಾರದೆಂದು ಮೇಲಿನಿಂದ ಕೂಲೆಂಟು ಸುರಿಯುತ್ತದೆ, ಹಾಲಿನ ಬಣ್ಣದ ಎಣ್ಣೆನೀರು, ತಿರುಗುವ ಕಟರ್ ಅದನ್ನು ಎಲ್ಲೆಂದರಲ್ಲಿ ಉಗುಳುತ್ತದೆ, ನೆಲಕ್ಕೆ, ಗೋಡೆಗೆ, ನಾನು ಪಾಲಿಶ್ ಹಾಕಿಟ್ಟ ಕುರ್ಚಿಗೆ, ಅದಕ್ಕೆಷ್ಟು ಜಗಳ ಆಡಿದ್ದೇನೆ, ಕುರ್ಚಿಗೆ! ಕಟರಿಗೆ ತಂಪು, ಅವಳ ಕೈಗೆ ಉರಿ, ಬೆರಳ ಸಂದಿಯಿಂದ ಶುರುವಾಗಿ ಈಗ ಮಣಿಕಟ್ಟಿನ ತನಕ ಕೆಂಪು, ಬಿರುಕು, ನೀರಿನ ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಎತ್ತುತ್ತಾಳೆ, ಬೆರಳು ಮಡಚುವುದಿಲ್ಲ. ಗ್ಲೌಸ್ ಹಾಕಮ್ಮ ಅಂದರು ಡಾಕ್ಟರು, ಗ್ಲೌಸ್ ಹಾಕ್ಕೊಂಡು ತಿರುಗೋ ಕಟರ್ ಹತ್ರ ಹೋದ್ರೆ ಗ್ಲೌಸ್ ಜೊತೆ ಕೈನೂ ಎಳ್ಕೊಳುತ್ತೆ ಡಾಕ್ಟ್ರೇ, ಹಾಗಾದ್ರೆ ಆ ಕೆಲ್ಸ ಬಿಟ್ಬಿಡಮ್ಮ, ಅಷ್ಟೇ, ಮುಂದಿನವರನ್ನು ಕರೆದರು. ನಿಲ್ದಾಣಕ್ಕೆ ಬಸ್ಸು ಬಂದಾಗ ಅವಳು ಅಂದಳು, ಬಿಡು ಅನ್ನೋದು ಎಷ್ಟು ಸಲೀಸು ನೋಡಿ.

ಬೋಲ್ಟು ಬಿಗಿಯಾಯಿತು, ಇನ್ನು ಅರ್ಧ ಸುತ್ತು, ಸಾಕು, ಪ್ಲಾಸ್ಟಿಕ್ಕು, ಮರದ ಹಾಗೆ ತಡೆದುಕೊಳ್ಳುವುದಿಲ್ಲ. ಕಾರ್ಖಾನೆ ಮುಚ್ಚಿದಾಗ ಬೇರೆಯವರೆಲ್ಲ ಸಿಕ್ಕಿದಷ್ಟು ದುಡ್ಡು ತೆಗೆದುಕೊಂಡು ಮನೆಗೆ ಹೋದರು, ಇವಳು ಅದರ ಬದಲು ತಾನು ದುಡಿದ ಮಿಶಿನ್ನನ್ನೇ ಲಾರಿಯಲ್ಲಿ ಹೇರಿಕೊಂಡು ಬಂದಳು, ಹಿಂದೆ ಕೂತು ಅದರ ಮೇಲೊಂದು ಕೈ ಇಟ್ಟುಕೊಂಡು, ನನ್ನ ಶೆಡ್ಡಿನಲ್ಲಿ ಅರ್ಧ ಜಾಗ ಕೇಳಿದಳು, ಮದುವೆಯಾದ ಮೇಲೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಈಗ ಅವಳಣ್ಣ, ನನ್ನ ಭಾವ, ಗಿರಾಕಿ ಹುಡುಕಿದ್ದಾರೆ, ನಾಳೆ ಬೆಳಿಗ್ಗೆ ಕರ್ಕೊಂಡು ಬರ್ತೀನಿ, ಕೈ ಇದ್ರೆ ತಾನೇ ಕೆಲ್ಸ, ಮಾರಿಬಿಡು ತಂಗಿ ಅಂದರು, ತಪ್ಪೇನೂ ಹೇಳಲಿಲ್ಲ ಪಾಪ. ಅವಳು ಮಿಶಿನ್ ಒರೆಸುತ್ತಲೇ ಅಂದಳು, ಮುಖ ಈ ಕಡೆ ತಿರುಗಿಸದೆ, ಇವರು ಏನೋ ಮರೆ ಕಟ್ತೀನಿ ಅಂತಿದಾರೆ ಅಣ್ಣಾ, ನೀರು ತಡೆದ್ರೆ ಇರ್ಲಿ, ತಡೀದಿದ್ರೆ ತಗೊಂಡ್ ಹೋಗ್ಲಿ. ಇವರು ಅಂದರೆ ನಾನು, ಕಿಟಕಿ ಬಾಗಿಲು ಬಿಟ್ಟರೆ ಬೇರೇನೂ ಕೂರಿಸಿ ಗೊತ್ತಿಲ್ಲದವನು. ಮೊದಲು ಕಟ್ಟಿದ ಮರೆ ಎಷ್ಟು ಚೆನ್ನಾಗಿತ್ತು, ಸಾಗುವಾನಿ ಚೌಕಟ್ಟು, ಮೂಲೆಗೆ ಮೂಲೆ ಕೂರಿಸಿ, ಕೂದಲು ನುಸುಳದ ಹಾಗೆ, ಮಿಶಿನ್ನಿನ ಬುಡಕ್ಕೇ ಭದ್ರವಾಗಿ ಬಿಗಿದು ನಿಲ್ಲಿಸಿದೆ, ಎದೆ ಉಬ್ಬಿಸಿಕೊಂಡು ನಿಂತೆ, ಅವಳು ಹ್ಯಾಂಡಲ್ ತಿರುಗಿಸಿದಳು, ಮಿಶಿನ್ನಿನ ಟೇಬಲ್ಲು ಸರಿದು ಚೌಕಟ್ಟಿಗೆ ಗುದ್ದಿತು, ಲಟಕ್! — ಚೌಕಟ್ಟು ಎರಡು ತುಂಡು. ನಮ್ಮ ಕಸುಬಿನಲ್ಲಿ ಮರ ಸುಮ್ಮನೆ ಮಲಗಿರುತ್ತದೆ, ಓಡಾಡುವುದು ಗರಗಸ, ಅವಳ ಕಸುಬಿನಲ್ಲಿ ಕಟರ್ ನಿಂತಲ್ಲೇ ತಿರುಗುತ್ತದೆ, ಕಬ್ಬಿಣ ಹೊತ್ತ ಟೇಬಲ್ಲೇ ಅತ್ತಿತ್ತ ಓಡಾಡುತ್ತದೆ, ನಾನು ನಿಂತ ಟೇಬಲ್ಲಿಗೆ ಅಳತೆ ತೆಗೆದಿದ್ದೆ, ಅಪ್ಪಟ ಬಡಗಿ ಬುದ್ಧಿ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಎಷ್ಟು ದಿನವಾಗಿತ್ತು ಹಾಗೆ ನಕ್ಕು, ಇಷ್ಟು ವರ್ಷ ಬೆನ್ನಿಗೆ ಬೆನ್ನು ಹಾಕ್ಕೊಂಡು ಕೆಲ್ಸ ಮಾಡಿದೀವಿ, ಯಾವ್ದು ಓಡಾಡುತ್ತೆ ಅಂತ ಒಂದ್ಸಲನಾದ್ರೂ ತಿರುಗಿ ನೋಡಿದೀರೇನ್ರೀ. ಸದ್ದು ಗೊತ್ತಿತ್ತು ಕಣೇ, ಕಟರ್ ಮೊಂಡಾದರೆ ನನ್ನ ಬೆನ್ನಿಗೇ ತಿಳಿಯುತ್ತಿತ್ತು, ಅಂತ ಮನಸ್ಸಿನಲ್ಲೇ ಅಂದುಕೊಂಡು ಮುರಿದ ಚೌಕಟ್ಟು ಹೆಕ್ಕಿಕೊಂಡೆ.

ಈ ಸಲ ಹಾಳೆ ಟೇಬಲ್ಲಿಗೇ ಕಚ್ಚಿಕೊಂಡಿದೆ, ಅದು ಹೋದಲ್ಲಿ ಇದೂ ಹೋಗಲಿ, ಹೋಗಿ ಬರಲಿ. ಕೆಳಗಡೆ ಮಾತ್ರೆ ಚಿಲ್ಲರೆ ದಾಟಿಸಲು ಕೊರೆದ ಅರ್ಧಚಂದ್ರದ ಕಂಡಿ, ಅದನ್ನು ಮುಚ್ಚಿಬಿಡೋಣ ಅಂದೆ, ಬೇಡ ರೀ, ಪೈಪಿನ ಮೂತಿ ಸರಿ ಮಾಡೋಕೆ ಕೈ ತೂರಿಸ್ಬೇಕಲ್ಲ ಅಂದಳು, ಸೈಕಲ್ ಟ್ಯೂಬು ಕತ್ತರಿಸಿ ಕಂಡಿಗೆ ಪರದೆ ಇಳಿಬಿಟ್ಟೆ. ಸ್ವಿಚ್ ಹಾಕ್ಲಾ ರೀ? ಹಾಕು. ಪಂಪು ಗೊರಗುಟ್ಟುತ್ತದೆ, ಕಟರ್ ಕಬ್ಬಿಣ ಮುಟ್ಟುತ್ತದೆ, ಬಂತು, ಹಾಳೆಯ ಒಳಮೈಗೆ ರಪರಪ ಬಡಿಯಿತು, ಬೆಳ್ಳಗೆ ಇಳಿಯುತ್ತಿದೆ, ಒಳಗೇ ಇಳಿಯುತ್ತಿದೆ, ತೊಟ್ಟಿಗೆ ಹೋಗುತ್ತಿದೆ, ನೆಲ ಒಣಗಿದೆ, ಕುರ್ಚಿ ಒಣಗಿದೆ, ಕುರ್ಚಿ ಹಾಳಾಗಿ ಹೋಗಲಿ, ಅವಳ ಕೈ — ಒಂದು ಕೈ ಟೇಬಲ್ಲಿನ ತುದಿಯ ಹ್ಯಾಂಡಲ್ ಮೇಲೆ, ಒಂದು ಕೈ ಹಾಳೆಯ ಕೆಳಗೆ, ಮುಂದಿನ ಹ್ಯಾಂಡಲ್ ಮೇಲೆ, ಎರಡೂ ಒಣಗಿವೆ. ತಡೀತು ಕಣ್ರೀ! ಅವಳು ನನ್ನನ್ನು ನೋಡುತ್ತಿಲ್ಲ, ಕಟರನ್ನೇ ನೋಡುತ್ತಿದ್ದಾಳೆ, ಮೊದಲ ಬಾರಿಗೆ ಇಷ್ಟು ಹತ್ತಿರ ಬಾಗಿ, ಮುಖ ಅರಳಿದೆ, ಅಣ್ಣಂಗೆ ಫೋನ್ ಮಾಡ್ರೀ, ಯಾರನ್ನೂ ಕರ್ಕೊಂಡು ಬರೋದ್ ಬೇಡ ಅನ್ನಿ. ಮಾಡುತ್ತೇನೆ, ಜೇಬಿಗೆ ಕೈ ಹಾಕಿದ್ದೇನೆ — ಟ್ಯೂಬಿನ ಅಂಚಿನಲ್ಲಿ ಏನದು, ಒಂದು ಹನಿ, ಬೆಳ್ಳಗೆ, ದಪ್ಪವಾಗುತ್ತಿದೆ. ಟೇಬಲ್ಲು ಬಲಕ್ಕೆ ಸರಿಯಿತು, ಹನಿಯೂ ಸರಿಯಿತು, ಟೇಬಲ್ಲು ಎಡಕ್ಕೆ ಬರುತ್ತಿದೆ, ಹನಿಯೂ ಬರುತ್ತಿದೆ, ನೇರ ಅವಳ ಮಣಿಕಟ್ಟಿನ ಮೇಲಕ್ಕೆ, ಅವಳು ನೋಡಿಲ್ಲ, ಹೇಳಿದರೆ ನಿಲ್ಲಿಸುತ್ತಾಳೆ, ನಿಲ್ಲಿಸಿದರೆ ಆ ಮುಖ — ಒಂದು ಚೂರು ಟ್ಯೂಬು ಬೇಕು, ಒಂದು ಬೆರಳು ಅಂಟು ಬೇಕು, ಹಾಕುತ್ತೇನೆ, ಹಾಕಿಯೇ ಹಾಕುತ್ತೇನೆ, ಅಲ್ಲಿಯವರೆಗೆ ಕೈ ಚಾಚಿದ್ದೇನೆ, ಅವಳ ಮಣಿಕಟ್ಟಿನ ಮೇಲೆ ನನ್ನ ಅಂಗೈ, ಬಿತ್ತು, ತಣ್ಣಗೆ. ಏನ್ ಮಾಡ್ತಿದೀರ ಅಲ್ಲಿ? ಏನಿಲ್ಲ, ನೀನು ತಿರುಗ್ಸು. ಬಲಕ್ಕೆ ಹೋಯಿತು, ಬರುತ್ತಿದೆ, ಹನಿ, ಕೆಳಗೆ ನನ್ನ ಅಂಗೈ, ಅದರ ಕೆಳಗೆ ಅವಳ ಒಣಗಿದ ಕೈ, ಹೋಯಿತು, ಬರುತ್ತಿದೆ, ಹನಿ —