ಗೇಟಿನ ತನಕ

ಹದಿನೈದು ವರ್ಷಗಳ ನಂತರ ತಾಯಿಯ ಫೋನು ಬಂದಾಗ ವೈಶಾಲಿ ಜಮಖಂಡಿಯ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಸೀಸೆಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು.

"ನಾ ಮಾಲಾ," ಎಂದಿತು ಆ ಕಡೆಯ ದನಿ. ಸ್ವಲ್ಪ ತಡೆದು, "ನಿಮ್ಮವ್ವ," ಎಂದಿತು.

ವೈಶಾಲಿಗೆ ಏಳು ವರ್ಷವಿದ್ದಾಗ ಮಾಲಾ ಬನಹಟ್ಟಿಯ ಮನೆ ಬಿಟ್ಟು ಹೋಗಿದ್ದಳು. ಟೆಂಪೊ ಓಡಿಸುವವನೊಬ್ಬನ ಜೊತೆ ಹೋದಳೆಂದು ಓಣಿಯವರು ಹೇಳುತ್ತಿದ್ದರು. ಅಪ್ಪ ಶಿದ್ರಾಮಪ್ಪ ಆ ಬಗ್ಗೆ ಯಾವತ್ತೂ ಬಾಯಿ ಬಿಟ್ಟವನಲ್ಲ. ತನ್ನ ನಾಲ್ಕು ಮಗ್ಗಗಳ ನಡುವೆ ಅವನು ಉಳಿದ. ಮಗಳನ್ನು ಅಜ್ಜಿ ಇಂದ್ರವ್ವ ಬೆಳೆಸಿದಳು; ವೈಶಾಲಿಗೆ ಅವಳು 'ಆಯಿ'. ಈಗ ಮುಧೋಳದ ಹುಡುಗನ ಜೊತೆ ವೈಶಾಲಿಯ ಮದುವೆ ಗೊತ್ತಾಗಿತ್ತು. ಆ ಸುದ್ದಿ ಹೇಗೋ ಮಿರಜದ ತನಕ ಹೋಗಿತ್ತು. ಅಲ್ಲಿ ಮಾಲಾ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು.

"ಸಾಂಗ್ಲಿ ಆಚಿಗೆ ಒಂದ ದೊಡ್ಡ ಪಾರ್ಕ ಆಗೇತಿ. ತಲಿಕೆಳಗ ತಿರಗೂ ಗಾಡಿ, ನೀರಿನ ಆಟ, ಎಲ್ಲಾ ಅದಾವು. ಮದವಿಗಿಂತ ಮೊದ್ಲ ಒಂದ ದಿನ ಬಾ. ಸೀರಿ ಸುತ್ತಿದ ಪೇಪರನ್ಯಾಗ ಅಂಥಾದ್ದರ ಚಿತ್ರ ನೋಡಿ ಹಟಾ ಮಾಡಿದ್ದಿ. ಕರ್ಕೊಂಡ ಹೋಗ್ತೇನಂತ ಮಾತ ಕೊಟ್ಟಿದ್ನಿ. ನೆನಪೈತಿಲ್ಲ?"

ವೈಶಾಲಿಗೆ ಅಂಥ ಚಿತ್ರ, ಅಂಥ ಮಾತು ಯಾವುದೂ ನೆನಪಿರಲಿಲ್ಲ. ಆದರೂ "ಹ್ಞೂಂ" ಎಂದಳು.

ಸಂಜೆ ಮನೆಗೆ ಬಂದು ಅಪ್ಪನ ಮುಂದೆ ನಿಂತು, "ಅವ್ವ ಮಿರಜಕ್ಕ ಕರದಾಳ," ಎಂದಳು. ಶಿದ್ರಾಮಪ್ಪ ಕಡಿದ ಎಳೆಯನ್ನು ಗಂಟು ಹಾಕುತ್ತಿದ್ದ. ಗಂಟು ಮುಗಿಸಿ, "ಹೋಗಿ ಬಾ," ಎಂದ.

ರವಿವಾರ ಬೆಳಗಿನ ಮೊದಲ ಬಸ್ಸು ಹಿಡಿದಳು. ತೇರದಾಳ, ಕುಡಚಿ ದಾಟುವವರೆಗೆ ರಸ್ತೆಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಮಿರಜದ ಸ್ಟ್ಯಾಂಡಿನಲ್ಲಿ ಇಳಿದು ಸೀರೆ ಉಟ್ಟ ಹೆಂಗಸರ ಮುಖಗಳನ್ನೇ ಒಂದೊಂದಾಗಿ ನೋಡುತ್ತ ನಿಂತಳು. ಹಿಂದಿನಿಂದ ಯಾರೋ ತೋಳು ಮುಟ್ಟಿದರು. ನೀಲಿ ಚೂಡಿದಾರದ, ಕೂದಲು ಕತ್ತರಿಸಿಕೊಂಡ, ಇನ್ನೂ ವಯಸ್ಸಾಗದ ಹೆಂಗಸು.

"ಎಷ್ಟ ಎತ್ತರ ಆಗೀದಿ," ಎಂದಳು ಮಾಲಾ.

ಪಾರ್ಕಿನ ಬಾಗಿಲಲ್ಲಿ ಟಿಕೇಟು ಹರಿಯುವವನು ನೀವಿಬ್ಬರೂ ಅಕ್ಕತಂಗಿಯರೇ ಎಂದು ಮರಾಠಿಯಲ್ಲಿ ಕೇಳಿದ. ಮಾಲಾ ನಕ್ಕಳು. ಅಲ್ಲ ಎನ್ನಲಿಲ್ಲ. ಒಳಗೆ ಹೋದವಳೇ ಮಗಳಿಗೆ ಗುಲಾಬಿ ಬಣ್ಣದ ಬೊಂಬಾಯಿ ಮಿಠಾಯಿ ಕೊಡಿಸಿದಳು. ಮೊಲದ ಕಿವಿಯಿದ್ದ ಹೇರ್‌ಬ್ಯಾಂಡ್ ಕೊಡಿಸಿದಳು. ಇಪ್ಪತ್ತೆರಡರ ವೈಶಾಲಿ ಅದನ್ನು ತಲೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ನಡೆದಳು. ಸುತ್ತಲೂ ಮಕ್ಕಳು ಅಪ್ಪ ಅವ್ವನ ಕೈ ಜಗ್ಗುತ್ತ ಓಡುತ್ತಿದ್ದರು. ಇವರಿಬ್ಬರ ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗವಿತ್ತು.

ಮೊದಲ ಆಟದಲ್ಲೇ ವೈಶಾಲಿಗೆ ತಲೆ ತಿರುಗಿ ವಾಂತಿಯಾಯಿತು. ಮಾಲಾ ಬಾಟಲಿ ನೀರಿನಿಂದ ಅವಳ ಮುಖ ತೊಳೆದಳು. ಬೆನ್ನು ಸವರಲು ಹೋದ ಕೈ ಅರ್ಧಕ್ಕೇ ನಿಂತಿತು. "ನೀ ಇಲ್ಲೇ ಕುಂಡ್ರ. ನಾ ಒಂದ ಸಲ ಅದರಾಗ ಕುಂತ ಬರ್ತೇನಿ," ಎಂದು ಎತ್ತರದ ಹಳಿಗಳ ಕಡೆ ಕೈ ತೋರಿಸಿದಳು. ಚೀಲ, ಫೋನು, ಚಪ್ಪಲಿ ಎಲ್ಲವನ್ನೂ ಮಗಳ ಕೈಗೆ ಕೊಟ್ಟು ಬರಿಗಾಲಲ್ಲಿ ಓಡಿದಳು.

ಒಂದು ಸಲ ಎಂದವಳು ಮೂರು ಸಲ ಕುಳಿತಳು. ಗಾಡಿ ಮೇಲಿನಿಂದ ಧುಮುಕುವಾಗ ಎಲ್ಲರೂ ಸರಳು ಹಿಡಿದು ಕಣ್ಣು ಮುಚ್ಚಿದರೆ, ಮಾಲಾ ಎರಡೂ ಕೈ ಎತ್ತಿ ಕೂಗುತ್ತಿದ್ದಳು. ಇಳಿದು, ಕೆಳಗೆ ಕುಳಿತ ಮಗಳತ್ತ ನೋಡದೆಯೇ ಮತ್ತೆ ಸಾಲಿಗೆ ಹೋಗಿ ನಿಂತಳು.

ವೈಶಾಲಿ ಕಟಕಟೆಗೆ ಒರಗಿ ನೋಡಿದಳು. ಈಕೆಗೆ ಹದಿನೈದಕ್ಕೆ ಮದುವೆಯಾಗಿತ್ತು, ಹದಿನಾರಕ್ಕೆ ತಾನು ಹುಟ್ಟಿದ್ದು. ಮನೆ ಬಿಟ್ಟಾಗ ಇಪ್ಪತ್ತಮೂರು, ತನಗೆ ಈಗಿರುವುದಕ್ಕಿಂತ ಒಂದೇ ವರ್ಷ ಹೆಚ್ಚು. ಇದು ತಿಳಿದರೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಈ ನಗು, ಈ ಕೂಗು ಬನಹಟ್ಟಿಯ ಮನೆಯಲ್ಲಿ ಒಂದು ದಿನವೂ ಕೇಳಿರಲಿಲ್ಲ. ತನ್ನ ಜೊತೆಗಿದ್ದ ಏಳು ವರ್ಷದಲ್ಲಿ ಇವಳು ಹೀಗೆ ನಗಲೇ ಇಲ್ಲವಲ್ಲ ಎನ್ನಿಸಿತು.

ನಾಲ್ಕನೆಯ ಸಲ ಗಾಡಿ ಮೇಲೇರಿದಾಗ ವೈಶಾಲಿ ಎದ್ದು ನಡೆದಳು. ನೀರಿನ ಕೊಳ, ಊಟದ ಅಂಗಡಿಗಳನ್ನು ದಾಟಿ ಗೇಟಿಗೆ ಬಂದಳು. ಹೊರಗೆ ಸಾಂಗ್ಲಿಯ ಬಸ್ಸು ನಿಂತಿತ್ತು. ಹತ್ತಿದರೆ ಕತ್ತಲಾಗುವುದರೊಳಗೆ ಮನೆ.

ಆಗ ಧ್ವನಿವರ್ಧಕದಲ್ಲಿ ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ ಹೇಳಿದರು: ಬನಹಟ್ಟಿಯಿಂದ ಬಂದ ವೈಶಾಲಿ ತಪ್ಪಿಸಿಕೊಂಡಿದ್ದಾಳೆ, ಹಸಿರು ಚೂಡಿದಾರ ತೊಟ್ಟಿದ್ದಾಳೆ, ಅವಳ ತಾಯಿ ಆಫೀಸಿನ ಮುಂದೆ ಕಾಯುತ್ತಿದ್ದಾಳೆ. ಗೇಟಿನ ಬಳಿಯಿದ್ದ ಒಬ್ಬ ಅಜ್ಜಿ ಸಣ್ಣ ಹುಡುಗಿಗಾಗಿ ಅತ್ತಿತ್ತ ಹುಡುಕಿದಳು. ವೈಶಾಲಿ ತನ್ನ ಕೈಯಲ್ಲಿದ್ದ ಚಪ್ಪಲಿ ನೋಡಿದಳು. ಬಸ್ಸು ಹೊರಟಿತು.

ಆಫೀಸಿನ ಮುಂದೆ ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಮಾಲಾ ಬರಿಗಾಲು ಬದಲಿಸುತ್ತ ನಿಂತಿದ್ದಳು. ಮಗಳನ್ನು ಕಂಡು ಅಲ್ಲೇ ಕುಳಿತುಬಿಟ್ಟಳು.

"ಹೋದಿ ಅಂತ ತಿಳಕೊಂಡ್ನಿ."

"ಗೇಟಿನ ತನಕಾ ಹೋಗಿದ್ನಿ. ನಿಮ್ಮ ಚಪ್ಪಲ ನನ್ನ ಕಡೆ ಇದ್ವು," ಎಂದಳು ವೈಶಾಲಿ. 'ನಿಮ್ಮ' ಎಂದದ್ದು ಇಬ್ಬರಿಗೂ ಕೇಳಿಸಿತು.

ಮಾಲಾ ಚಪ್ಪಲಿ ಮೆಟ್ಟಿಕೊಳ್ಳದೆ ತೊಡೆಯ ಮೇಲಿಟ್ಟುಕೊಂಡಳು. "ನಾ ನಿನ್ನಂಗ ಹೊಳ್ಳಿ ಬರಲಿಲ್ಲ ನೋಡ."

"ಯಾಕ?"

"ಒಮ್ಮಿ ಹೊಳ್ಳಿ ಬಂದಿದ್ರ ಮತ್ತ ಹೋಗಾಕ ಆಗತಿರಲಿಲ್ಲ. ಅಲ್ಲೇ ಇದ್ರ ಸಾಯತಿದ್ನಿ ಅನಸತಿತ್ತ. ನಿಮ್ಮಪ್ಪ ಕೆಟ್ಟವ ಅಲ್ಲ. ಬಡದಿಲ್ಲ, ಬೈದಿಲ್ಲ. ಮಾತಽ ಆಡತಿರಲಿಲ್ಲ. ಮಗ್ಗದ ಸಪ್ಪಳದಾಗ ನಾ ಒಬ್ಬಾಕಿ."

ವೈಶಾಲಿಗೆ ಆ ಸಪ್ಪಳ ಗೊತ್ತಿತ್ತು. "ನಂಗ ಆ ಪೇಪರ ನೆನಪಿಲ್ಲ," ಎಂದಳು. "ನೀವು ಹೋದ ದಿನಾ ನಂಗ ಎರಡ ಜಡಿ ಬಿಗಿದ ಹಾಕಿ ಸಾಲಿಗೆ ಕಳಿಸಿದ್ರಿ. ಅದ ನೆನಪೈತಿ. ನಾಕ ದಿನಾ ಆ ಜಡಿ ಯಾರಿಗೂ ಬಿಚ್ಚಗೊಡಲಿಲ್ಲ. ಆಮ್ಯಾಲ ಆಯಿ ನಾ ಮಲಗಿದಾಗ ಬಿಚ್ಚಿದ್ಲು."

ಮಾಲಾ ಅಳಲಿಲ್ಲ. ತಲೆ ತಗ್ಗಿಸಿ ಚಪ್ಪಲಿಯ ಪಟ್ಟಿಯನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಇಬ್ಬರೂ ಮತ್ತೆ ಯಾವ ಆಟಕ್ಕೂ ಹೋಗಲಿಲ್ಲ. ಮೂರು ಗಂಟೆಗೆ ಮಿರಜದ ಬಸ್ಸು ಹತ್ತಿದರು. ಮಾಲಾ ಕಿಟಕಿಯ ಪಕ್ಕದ ಜಾಗವನ್ನು ಮಗಳಿಗೆ ಬಿಟ್ಟಳು.

ಬನಹಟ್ಟಿಯ ಬಸ್ಸು ಹೊರಡುವ ಹೊತ್ತಿಗೆ ಮಾಲಾ ಕೆಳಗಿನಿಂದ ಕಿಟಕಿಯ ಸರಳು ಹಿಡಿದು, "ಮದವಿಗೆ ನನ್ನ ಕರೀಬ್ಯಾಡ. ನಾ ಬಂದ್ರ ಮಂದಿ ನಿನ್ನ ನೋಡಾಂಗಿಲ್ಲ, ನನ್ನ ನೋಡ್ತಾರ," ಎಂದಳು. ವೈಶಾಲಿ ಆ ಕೈ ಮೇಲೆ ತನ್ನ ಕೈ ಇಟ್ಟಳು. ಅಷ್ಟರಲ್ಲಿ ಬಸ್ಸು ತಿರುಗಿತು.

ಮರುದಿನ ಬೆಳಿಗ್ಗೆ ಅವಳು ಜಮಖಂಡಿಗೆ ಹೊರಟಾಗ ಶಿದ್ರಾಮಪ್ಪ ಮಗ್ಗ ನಿಲ್ಲಿಸಿದ. ಮನೆಯಲ್ಲಿ ಒಮ್ಮೆಲೇ ಸದ್ದಡಗಿತು.

"ಆರಾಮ ಅದಾಳೇನ?"

"ಅದಾಳ."

"ಮದವಿಗೆ ಬರತಾಳಂತ?"

"ಬರಾಂಗಿಲ್ಲ ಅಂದ್ಲು."

ಅವನು ಇನ್ನೂ ಏನೋ ಕೇಳುವವನಂತೆ ನಿಂತ. ವೈಶಾಲಿಯೂ ಬಾಗಿಲಲ್ಲಿ ಕಾದಳು. ಇವತ್ತಾದರೂ ಕೇಳಲಿ, ಎಷ್ಟು ಹೊತ್ತಾದರೂ ಸರಿ, ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡಳು. ಶಿದ್ರಾಮಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಬಸ್ಸ ಹೋದೀತು," ಎಂದ. ಆಮೇಲೆ ಮಗ್ಗದ ಸ್ವಿಚ್ ಒತ್ತಿದ.