ಉಪ್ಪು ಹಾಕಿದ ರಸ್ತೆ

"ಹೋಗೋ ಹಾಗಿಲ್ಲ," ಎಂದಳು ವರ್ನಾ.

ಊರಿನ ರಸ್ತೆಗಳ ಹಿಮ ತೆಗೆಯುವ ಲಾರಿ ಓಡಿಸುವ ಅವಳು ರಾತ್ರಿಪಾಳಿ ಮುಗಿಸಿ ನೇರವಾಗಿ ಆರಿನ್ ಡುಪ್ರೆಯ ಅಂಗಳಕ್ಕೆ ಬಂದಿದ್ದಳು. ಶುಕ್ರವಾರ, ಬೆಳಿಗ್ಗೆ ಎಂಟೂವರೆ. ತೆಳ್ಳಗೆ ಮಳೆ ಹನಿಯುತ್ತಿತ್ತು. ಆರಿನ್ ವ್ಯಾನಿನ ಹಿಂಬಾಗಿಲು ತೆರೆದು, ಹಳೆಯ ಕಂಬಳಿಗಳಲ್ಲಿ ಸುತ್ತಿದ, ಪುಟ್ಟ ರೈಲುಹಳಿ ಕೂರಿಸಿದ ಹಲಗೆಗಳನ್ನು ಒಂದೊಂದಾಗಿ ಒಳಗೆ ಜೋಡಿಸುತ್ತಿದ್ದ. ತಿರುಗಿ ನೋಡಲಿಲ್ಲ.

"ಫೋನು ನೋಡಿದೀನಿ. ಮೂವತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ನೀರು ಗಡ್ಡೆ ಕಟ್ಟೋದು ಮೂವತ್ತೆರಡಕ್ಕೆ. ಇದು ಬರೀ ಮಳೆ ಕಣೇ."

"ಅದು ಗಾಳಿ ಲೆಕ್ಕ. ರಸ್ತೆ ಇಪ್ಪತ್ತಾರಿದೆ. ನನ್ನ ಲಾರಿ ಹೊಟ್ಟೆ ಕೆಳಗಿರೋ ಮಾಪಕ ರಸ್ತೆ ನೋಡತ್ತೆ, ನಿಮ್ಮ ಫೋನು ಆಕಾಶ ನೋಡತ್ತೆ. ವಾರವೆಲ್ಲಾ ಸೆಟೆದುಕೊಂಡಿದ್ದ ನೆಲ ಒಂದು ಬೆಳಿಗ್ಗೆಗೆ ಬೆಚ್ಚಗಾಗತ್ತಾ? ಬಿದ್ದ ಹನಿ ಬಿದ್ದಲ್ಲೇ ಗಾಜಾಗತ್ತೆ. ಇದನ್ನ ನಂಗೆ ಹತ್ತನೇ ಕ್ಲಾಸಲ್ಲಿ ಹೇಳಿಕೊಟ್ಟಿದ್ದು ಯಾರು ಮೇಷ್ಟ್ರೇ?"

ಆರಿನ್ ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ಈಗ ಪುಟ್ಟ ಮಾದರಿ ರೈಲುಗಳನ್ನು ಕಟ್ಟಿ ಓಡಿಸುವ ಐವರ ಕ್ಲಬ್ಬಿನ ಅಧ್ಯಕ್ಷ. ದೊಡ್ಡ ಮೇಳದಲ್ಲಿ ಜಾಗ ಕೇಳಿ ಒಂಬತ್ತು ವರ್ಷ ಅರ್ಜಿ ಹಾಕಿದ್ದರು. ಈ ಸಲ ಸಿಕ್ಕಿತ್ತು. ಸಂಜೆ ಆರರೊಳಗೆ ಹಲಗೆಗಳನ್ನೆಲ್ಲ ಜೋಡಿಸಿ ರೈಲು ಓಡಿಸಿ ತೋರಿಸದಿದ್ದರೆ ಆ ಜಾಗ ಇನ್ನೊಂದು ಕ್ಲಬ್ಬಿನ ಪಾಲು. ಗಿಲ್ ಮತ್ತು ಅವನ ತಮ್ಮ ಅರ್ಧ ಹಲಗೆಗಳನ್ನು ಹೊತ್ತು ನಿನ್ನೆಯೇ ಹೋಗಿದ್ದರು. ನೂರಮೂವತ್ತು ಮೈಲಿ ಆಚೆ, ದೊಡ್ಡ ಸಭಾಂಗಣದಲ್ಲಿ, ಹಳಿಯ ಅರ್ಧ ವರ್ತುಲ ಈಗ ಬಾಯಿ ಬಿಟ್ಟುಕೊಂಡು ಕೂತಿತ್ತು. ನಡುವೆ ಹಾರ್ಲೋ ಘಟ್ಟ.

"ನಿನ್ನೆ ಬಿಸಿಲಿತ್ತು," ಎಂದ ಆರಿನ್. "ನಿನ್ನೆಯೇ ಹೋಗಬಹುದಿತ್ತು. ನಿನ್ನ ಪಾಳಿ ಮುಗೀಲಿ ಅಂತ ಕಾದಿದ್ದಕ್ಕೇ ಈ ಗತಿ."

ವರ್ನಾಳ ಕಿವಿ ಬಿಸಿಯಾಯಿತು. ಅವಳಿಗೂ ಹೋಗುವ ಆಸೆ ಇಲ್ಲದೆ ಇರಲಿಲ್ಲ. ಮೂರು ಚಳಿಗಾಲ ಕೂತು ಮಾಡಿದ ಅವಳ ಮೂಲೆಹಲಗೆ, ಕಲ್ಲುಗಣಿಯ ಪಕ್ಕ ಹಳಿ ಬಾಗುವ ಜಾಗ, ಮನೆಯಲ್ಲಿ ಒಲೆಯಿಂದ ದೂರ ಗೋಡೆಗೆ ಒರಗಿತ್ತು. ಹಳಿಗಳ ತುದಿ ಕೂಡುವಲ್ಲಿ ಅವಳು ಬಿಟ್ಟಿದ್ದ ಸಂದು ಒಂದು ಕಾಗದದ ದಪ್ಪದಷ್ಟು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ನಾಲ್ಕು ಮೂಲೆಗಳಿಲ್ಲದೆ ವರ್ತುಲ ಮುಚ್ಚುವುದಿಲ್ಲ. ತಾನು ಕೊಡುವುದಿಲ್ಲ ಎಂದರೆ ಇವರು ಹೋಗಿಯೂ ಪ್ರಯೋಜನವಿಲ್ಲ.

"ನನ್ನ ಮೂಲೆ ಕೊಡಲ್ಲ," ಎಂದಳು. "ಈಗ ಏನು ಮಾಡ್ತೀರಿ?"

ಆರಿನ್ ಕೈ ಒರೆಸಿಕೊಂಡ. ಕೊನೆಯ ಕಂಬಳಿಯ ಅಂಚು ಸರಿಸಿ ತೋರಿಸಿದ. ಒಳಗೆ ಇನ್ನೊಂದು ಮೂಲೆಹಲಗೆ. ಬಾಗಿದ ಹಳಿ, ಹಸಿರು ಬಣ್ಣ ಬಳಿದ ಬೋಳು ಗುಡ್ಡ. ಒಂದು ಮರ ಕೂಡ ಇರಲಿಲ್ಲ.

"ಯಾವಾಗ ಮಾಡಿದಿರಿ ಇದನ್ನ?"

"ಹೋದ ವರ್ಷ. ನಿನಗೆ ಹಿಮ ಬಿದ್ದಾಗೆಲ್ಲ ಕರೆ ಬರತ್ತೆ. ಒಬ್ಬರನ್ನೇ ನಂಬಿಕೊಂಡು ಕೂರಕ್ಕಾಗತ್ತಾ?"

"ಹೋದ ವರ್ಷ! ಪ್ರತಿ ಮಂಗಳವಾರ ನಿಮ್ಮ ಜೊತೆ ಕೂತು ಬೆಸುಗೆ ಹಾಕಿದೀನಿ. ಒಬ್ಬರಾದ್ರೂ ಬಾಯಿ ಬಿಟ್ರಾ? ಇದು ಇದ್ದ ಮೇಲೆ ನಂಗೋಸ್ಕರ ಯಾಕೆ ಕಾದಿರಿ?"

ವ್ಯಾನಿನ ಮುಂದಿನ ಸೀಟಿನ ಗಾಜು ಇಳಿಯಿತು. ಎಪ್ಪತ್ತಾರರ ಹಾಲಿಸ್, ಹಿಂದೆ ಅಂಚೆ ಹಂಚುತ್ತಿದ್ದವನು, ಉಣ್ಣೆಟೋಪಿಯ ತಲೆ ಹೊರಹಾಕಿದ. "ನಾನು ಕಾಯಿಸಿದ್ದು ಕಣಮ್ಮಾ. ಆ ಬೋಳು ಗುಡ್ಡ ಇಟ್ಟುಕೊಂಡು ಜನರ ಮುಂದೆ ನಿಲ್ಲಲ್ಲ ಅಂದೆ."

"ನೀವು ಸುಮ್ನಿರಿ ಹಾಲಿಸ್. ನಿಮಗೂ ಗೊತ್ತಿತ್ತು."

ಹಾಲಿಸ್ ಗಾಜು ಏರಿಸಿಕೊಂಡ.

ಆರಿನ್ ಹಿಂಬಾಗಿಲು ಧಡ್ಡೆಂದು ಮುಚ್ಚಿದ. "ರಸ್ತೆ ನೋಡು. ಕಣ್ಣಿದೆಯಲ್ಲ? ಕಪ್ಪಗಿದೆ, ಒದ್ದೆ ಇದೆ, ಅಷ್ಟೇ. ಎಲ್ಲಿದೆ ನಿನ್ನ ಗಾಜು?" ಎಂದು ಹೇಳಿ ರಸ್ತೆಯ ನಡುವೆ ಹೋಗಿ ನಿಂತು ಬೂಟುಗಾಲು ಎರಡು ಸಲ ಅಪ್ಪಳಿಸಿದ. ಜಾರಲಿಲ್ಲ. ಇನ್ನೊಂದು ಸಲ ಅಪ್ಪಳಿಸಿ ಅವಳತ್ತ ನೋಡಿ ನಕ್ಕ.

ಆ ನಗು ಅವಳನ್ನು ಕೆಣಕಿದಷ್ಟು ಆ ಹಲಗೆಯೂ ಕೆಣಕಿರಲಿಲ್ಲ. "ನಾಲ್ಕು ಗಂಟೆಗೆ ಒಂದು ಸಲ, ಆರೂವರೆಗೆ ಒಂದು ಸಲ ಗಡ್ಡೆ ಕಟ್ಟದ ಹಾಗೆ ನಾನು ಉಪ್ಪು ಹಾಕಿದ ರಸ್ತೆ ಅದು! ನೀವು ಹೊದ್ದು ಮಲಗಿದ್ದಾಗ! ನನ್ನ ಕೆಲಸದ ಮೇಲೆ ನಿಂತು ನಂಗೇ ಸುಳ್ಳಿ ಅಂತೀರಾ?"

"ನಿನಗೆ ಎಲ್ಲ ಕಡೆ ಅಪಘಾತವೇ ಕಾಣೋದು. ನಿನ್ನ ಕೆಲಸವೇ ಹಾಗೆ."

"ಹೌದು, ಹಾಗೇ. ಹಳ್ಳಕ್ಕೆ ಬಿದ್ದ ಕಾರಿನ ಪಕ್ಕ ಲಾರಿ ನಿಲ್ಲಿಸಿಕೊಂಡು ಕಾಯೋಳು ನಾನು, ನೀವಲ್ಲ."

ಆರಿನ್ ಚಾಲಕನ ಬಾಗಿಲಿಗೆ ಕೈ ಹಾಕಿದ. ಒಳಗಿನಿಂದ ಹಾಲಿಸ್ ಸೀಟುಬೆಲ್ಟು ಬಿಚ್ಚಿದ ಸದ್ದು ಕೇಳಿಸಿತು. "ಅವಳು ಓಡಿಸಿದ್ರೆ ಬರ್ತೀನಿ," ಎಂದ ಮುದುಕ, "ಇಲ್ಲಾಂದ್ರೆ ನಾನೂ ಇಲ್ಲೇ, ನನ್ನ ಎಂಜಿನ್ನೂ ಇಲ್ಲೇ." ಕ್ಲಬ್ಬಿನಲ್ಲಿ ಉದ್ದನೆಯ ಗೂಡ್ಸು ಎಳೆಯಬಲ್ಲ ಎಂಜಿನ್ ಇದ್ದದ್ದು ಅವನೊಬ್ಬನ ಹತ್ತಿರವೇ.

ಆರಿನ್ ಬಾಗಿಲಿನಿಂದ ಕೈ ತೆಗೆದ. ಕೀ ಗೊಂಚಲನ್ನು ಅವಳತ್ತ ಎಸೆದ. ಅದು ಅವಳ ಎದೆಗೆ ಬಡಿದು ಕೆಳಗೆ ಬಿತ್ತು. ಅವಳು ಬಗ್ಗಿ ಎತ್ತಿಕೊಂಡಳು.

"ನಾನು ವಾಪಸ್ ಅಂದಲ್ಲಿಂದ ವಾಪಸ್," ಎಂದಳು. "ವಾದ ಇಲ್ಲ."

ಅವಳ ಮೂಲೆಯನ್ನು ತರಲು ಯಾರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಆರು ಮೈಲಿ ರಸ್ತೆ ಚೆನ್ನಾಗಿಯೇ ಇತ್ತು. ಹಿಂದಿನ ಸೀಟಿನಿಂದ ಆರಿನ್ ಪ್ರತಿ ತಿರುವಿಗೂ "ಹ್ಞೂಂ, ಭಾರೀ ಗಾಜು" ಎನ್ನುತ್ತಿದ್ದ. ವರ್ನಾ ಹಲ್ಲು ಕಚ್ಚಿಕೊಂಡು ಓಡಿಸಿದಳು. ಹೌದು, ಚೆನ್ನಾಗಿತ್ತು, ಪ್ರತಿ ಅಡಿಯೂ ಅವಳ ಕೈಯದು. ಘಟ್ಟದ ಬುಡದಲ್ಲಿ ಊರಿನ ಗಡಿಫಲಕ ಕಾಣಿಸಿತು. ಅಲ್ಲಿಂದಾಚೆ ಇನ್ನೊಂದು ಊರಿನ ರಸ್ತೆ, ಇನ್ನೊಂದು ಊರಿನ ಉಪ್ಪು, ಅದಿನ್ನೂ ಬಿದ್ದಿರಲಿಲ್ಲ. ಫಲಕದ ಈಚೆ ಡಾಂಬರು ಮಂಕಾಗಿತ್ತು, ಆಚೆ ಮಿರಮಿರ ಮಿಂಚುತ್ತಿತ್ತು. ಗೆರೆ ಎಳೆದಂತೆ.

ಗೆರೆಗೆ ಒಂದು ಮಾರು ಈಚೆ ನಿಲ್ಲಿಸಿ ಎಚ್ಚರಿಕೆಯ ದೀಪ ಹಾಕಿದಳು.

"ಇಳೀರಿ ಮೇಷ್ಟ್ರೇ. ಅಲ್ಲಿ ಅಪ್ಪಳಿಸಿ ನಿಮ್ಮ ಕಾಲು."

ಆರಿನ್ ಇಳಿದ. ಬೇಕೆಂದೇ ಬೀಸಾಗಿ ನಡೆದು ಫಲಕ ದಾಟಿದ. ಎರಡನೇ ಹೆಜ್ಜೆಗೆ ಎರಡೂ ಕಾಲು ಒಟ್ಟಿಗೇ ಮುಂದಕ್ಕೆ ಹೋದವು. ಫಲಕದ ಕಂಬ ಕೈಗೆ ಸಿಕ್ಕಿತು. ಅದನ್ನು ತಬ್ಬಿಕೊಂಡು ಮಂಡಿಯೂರಿ ಉಳಿದ. ಏಳಲು ನೋಡಿದ, ಕಾಲು ಮತ್ತೆ ಜಾರಿತು. ಎದುರಿಗೆ ಏರುರಸ್ತೆ ಮಳೆಯಲ್ಲಿ ಹೊಳೆಯುತ್ತ ಮೇಲಕ್ಕೆ ಹೋಗಿತ್ತು.

ಆರಿನ್ ಕೈಕಾಲೂರಿ ತೆವಳಿಕೊಂಡು ಗೆರೆಯ ಈಚೆ ಬಂದ. ಪ್ಯಾಂಟು ಮಂಡಿಯವರೆಗೆ ಒದ್ದೆ. "ಒಂದು ಗಂಟೆ ಕಾದ್ರೆ ಅವರ ಲಾರಿ ಬರಬಹುದು," ಎಂದ, ಅವಳ ಮುಖ ನೋಡದೆ.

"ಅವರಿಗಿರೋದು ಒಂದೇ ಲಾರಿ. ಶಾಲೆ ಬಸ್ಸಿನ ದಾರಿ ಮುಗಿಸದೆ ಘಟ್ಟ ಹತ್ತಲ್ಲ. ಮಧ್ಯಾಹ್ನ ಎರಡು. ಆಮೇಲೆ ಇನ್ನೂ ನೂರಿಪ್ಪತ್ತನಾಲ್ಕು ಮೈಲಿ, ಇಂಥ ರಸ್ತೇಲಿ ನಾಲ್ಕು ಗಂಟೆ. ಹಲಗೆ ಜೋಡಿಸೋದು ಯಾವಾಗ? ಲೆಕ್ಕ ಹಾಕಿ."

ಆಗ ಆರಿನ್‌ನ ಫೋನು ರಿಂಗಾಯಿತು. ಗಿಲ್. ಆರಿನ್ ಅದನ್ನು ಅವಳಿಗೆ ಚಾಚಿದ. "ನೀನೇ ಹೇಳಿಬಿಡು."

ಇಡೀ ಬೆಳಿಗ್ಗೆಯ ಸಿಟ್ಟು ಅವಳಿಗೆ ಈಗ ಒಮ್ಮೆಲೇ ನೆತ್ತಿಗೇರಿತು. ಒಂಬತ್ತು ವರ್ಷ ಕಾದ ಮೇಳ ತಪ್ಪಿಸಿದವಳು ವರ್ನಾ ಎಂದಾಗುತ್ತದೆ. ಇನ್ನು ಪ್ರತಿ ಮಂಗಳವಾರ ಅದೇ ಕಥೆ.

"ನಾನ್ಯಾಕೆ? ಅಧ್ಯಕ್ಷರು ನೀವು. ನೀವೇ ಹೇಳಿ. 'ವರ್ನಾ ಬಿಡಲಿಲ್ಲ' ಅಂತ ಹೇಳಿದ್ರೆ ನಿಮ್ಮನ್ನ ಇಲ್ಲೇ ಬಿಟ್ಟು ಹೋಗ್ತೀನಿ."

ಫೋನು ರಿಂಗಾಗುತ್ತಲೇ ಇತ್ತು. ಆರಿನ್ ಅದನ್ನು ಕಿವಿಗೆ ಹಿಡಿದ.

"ಗಿಲ್. ಬರಕ್ಕಾಗಲ್ಲ... ಇಲ್ಲ, ಅವಳಲ್ಲ. ರಸ್ತೆ ಗಾಜಾಗಿದೆ. ನಾನೇ ಕಾಲಿಟ್ಟು ನೋಡಿದೆ." ಆಚೆಯಿಂದ ಗಿಲ್‌ನ ಬೈಗುಳ ಹಾಲಿಸ್‌ಗೂ ಕೇಳಿಸುವಷ್ಟು ಜೋರಾಗಿತ್ತು. ಆರಿನ್ ತಡೆಯಲಿಲ್ಲ, ಪೂರ್ತಿ ಕೇಳಿಸಿಕೊಂಡ. "ಹೌದು. ಬಿಚ್ಚಿ ಕಟ್ಟಿಡಿ. ಜಾಗ ಕೊಟ್ಟುಬಿಡಿ ಅವರಿಗೆ."

ಹಾಲಿಸ್ ಮಡಿಲಲ್ಲಿದ್ದ ಎಂಜಿನ್ನಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗಾಜಿನಾಚೆ ನೋಡುತ್ತಿದ್ದ.

"ಹತ್ತಿ, ಬಾಗಿಲು ಹಾಕಿ," ಎಂದಳು ವರ್ನಾ. ಅವಳ ದನಿ ಇನ್ನೂ ಇಳಿದಿರಲಿಲ್ಲ. "ಚಳಿ ಒಳಗೆ ಬರ್ತಿದೆ."