ಟೈಲ್ಸ್ ಕೆಳಗಿನ ಕೊಚ್ಚೆ

ತನ್ನ ಅಕ್ಕನ ಮನೆಯಿದ್ದ ಬೀದಿಯನ್ನು ಹೊಸದಾಗಿ ಕಟ್ಟುವ ಕೆಲಸ ಗಾರೆ ಮೇಸ್ತ್ರಿಗೆ ಸಿಕ್ಕಿತ್ತು. ನಕ್ಷೆಯಲ್ಲಿ ಮರ, ಬೆಂಚು, ಮಕ್ಕಳು ಆಡುವ ಜಾಗ ಎಲ್ಲವೂ ಇದ್ದವು. ಆದರೆ ಹಳೆಯ ಕಲ್ಲು ಎಬ್ಬಿಸಿ ನೋಡಿದರೆ ಒಳಚರಂಡಿ ಪೈಪು ಒಡೆದು, ಕುಡಿಯುವ ನೀರಿನ ಕೊಳವೆಯೇ ಮುಳುಗುವಷ್ಟು ಕಪ್ಪು ಕೊಚ್ಚೆ ನಿಂತಿತ್ತು. ಅದರಲ್ಲಿ ಹುಳುಗಳು ಪಿತಪಿತ ಎನ್ನುತ್ತಿದ್ದವು.

ಎಂಜಿನಿಯರ್ ಮೂಗಿಗೆ ಕರ್ಚೀಫು ಒತ್ತಿಕೊಂಡೇ, "ಮಣ್ಣು ಸುರಿದು ಟೈಲ್ಸ್ ಹಾಕ್ಬಿಡಿ. ನಾಳಿದ್ದು ಉದ್ಘಾಟನೆ," ಎಂದ.

"ಪೈಪು, ಸಾರ್?"

"ಪೈಪು ಫೋಟೋದಲ್ಲಿ ಕಾಣುತ್ತೇನ್ರೀ?"

ಮೇಸ್ತ್ರಿ ಮಣ್ಣಿನ ಬುಟ್ಟಿ ಎತ್ತಿದ. ಬಾಗಿಲಲ್ಲಿ ನಿಂತಿದ್ದ ಅಕ್ಕ, "ಮುಚ್ಚಪ್ಪಾ, ಮುಚ್ಚು. ನನ್ನ ಮಗಳು ವಾಂತಿಭೇದಿ ಆಗಿ ಆಸ್ಪತ್ರೇಲಿ ಮಲಗಿದಾಳೆ. ಬಂದ್ಮೇಲೆ ನಿನ್ನ ಬೆಂಚಲ್ಲಿ ಕೂರಿಸ್ತೀನಿ," ಎಂದಳು.

ಅವನು ಬುಟ್ಟಿ ಕೆಳಗಿಟ್ಟ. "ಈ ಹೇಸಿಗೆ ಕೆಲಸ ನನ್ನ ಕೈಲಾಗಲ್ಲ ಸಾರ್," ಎಂದು ಗುಂಡಿಯ ಪಕ್ಕದಲ್ಲೇ ಕೂತ. ಬೀದಿಯ ಹೆಂಗಸರೂ ಬಂದು ಸುತ್ತ ಕೂತರು. ಎರಡು ದಿನ ಬಿಟ್ಟು ಉದ್ಘಾಟನೆಗೆ ಬಂದ ದೊಡ್ಡವರು ಆ ನಾತಕ್ಕೆ ಕಾರಿನಿಂದ ಇಳಿಯಲೇ ಇಲ್ಲ.

ವಾರದೊಳಗೆ ಹೊಸ ಪೈಪು ಬಂತು. ಅಕ್ಕ ಖುಷಿಯಿಂದ ತಮ್ಮನಿಗೆ ಊಟ ಬಡಿಸಿದಳು. ತಾನು ಹಿಂದೆ ಕಟ್ಟಿದ ಮೂರು ಬೀದಿಗಳಲ್ಲಿ ಇಂಥದ್ದೇ ಕೊಚ್ಚೆಯನ್ನು ಮುಚ್ಚಿ ಬಂದದ್ದು ನೆನಪಾಗಿ ಅವನು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.